ಅಂಗಡಿ ಅಕ್ಕನ ಹೊಸ ಲೆಕ್ಕ

ಅದು ಮಂಡ್ಯ ಜಿಲ್ಲೆಯ ಒಂದು ಊರು. ಊರ ಪಕ್ಕದಲ್ಲೇ ವಿ.ಸಿ. ನಾಲೆ ಹರಿಯುತ್ತದೆ. ನಾಲೆ ಏರಿ ಮೇಲೆ ದಿನಾ ಬೆಳಿಗ್ಗೆ ಹತ್ತಾರು ಜನ ನಡೆಯುತ್ತಾರೆ. ಡಾಕ್ಟರು ಹೇಳಿದ್ದಾರೆ, ಅದಕ್ಕೇ ನಡೆಯುತ್ತಾರೆ. ಒಬ್ಬರಿಗೆ ಸಕ್ಕರೆ ಕಾಯಿಲೆ. ಒಬ್ಬರಿಗೆ ಬಿ.ಪಿ. ಇನ್ನೊಬ್ಬರಿಗೆ ಮಂಡಿ ನೋವು.

ಅವರಲ್ಲಿ ಅಂಗಡಿ ಅಕ್ಕನೂ ಒಬ್ಬರು. ಬಸ್ ನಿಲ್ದಾಣದ ಹತ್ತಿರ ಅವರದು ದಿನಸಿ ಅಂಗಡಿ. ಊರಿಗೆ ಊರೇ ಅವರನ್ನು ಅಂಗಡಿ ಅಕ್ಕ ಅಂತ ಕರೆಯುತ್ತದೆ. ವಯಸ್ಸು 46. ಎತ್ತರ ಐದು ಅಡಿ. ತೂಕ 72 ಕಿಲೋ. ಎರಡು ವರ್ಷದಿಂದ ಸಕ್ಕರೆ ಕಾಯಿಲೆ. ಅಕ್ಕನ ಅವ್ವನಿಗೂ ಸಕ್ಕರೆ ಇತ್ತು. ಕಾಲಿನ ಹುಣ್ಣು ವಾಸಿಯಾಗಲಿಲ್ಲ. ಕೊನೆಗೆ ಎರಡು ಬೆರಳು ತೆಗೆಯಬೇಕಾಯಿತು. ಅದನ್ನು ಅಕ್ಕ ಕಣ್ಣಾರೆ ಕಂಡಿದ್ದಾರೆ. ಆ ಹೆದರಿಕೆ ಮನಸ್ಸಿನಲ್ಲಿದೆ.

"ತೂಕ ಇಳಿಸಿ. ಹೊಟ್ಟೆ ಕರಗಿಸಿ. ಸಕ್ಕರೆ ಹತೋಟಿಗೆ ಬರುತ್ತೆ" ಎಂದು ಡಾಕ್ಟರು ಹೇಳಿದ್ದರು. ಅಕ್ಕ ಮಾರನೇ ದಿನವೇ ಚಪ್ಪಲಿ ಮೆಟ್ಟಿ ಹೊರಟರು. ಮೂರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಆಮೇಲೆ ಒಂದು ದಿನ ಉಪಕೇಂದ್ರಕ್ಕೆ ಬಂದರು. ತೂಕದ ಯಂತ್ರದ ಮೇಲೆ ನಿಂತರು. ಮುಳ್ಳು 72ರ ಹತ್ತಿರವೇ ನಿಂತಿತು.

"ನೋಡಿ ನರ್ಸಮ್ಮ, ನಾಳೆಯಿಂದ ನಾನು ನಡೆಯಾಕಿಲ್ಲ. ಒಂದು ಜೊತೆ ಚಪ್ಪಲಿ ಸವೆದೋಯ್ತು. ಅರ್ಧ ಕಿಲೋನೂ ಇಳಿದಿಲ್ಲ. ಈ ನಡಿಗೆ ಎಲ್ಲಾ ಸುಳ್ಳು."

ನರ್ಸಮ್ಮ ನಗಲಿಲ್ಲ, ಬೈಯಲೂ ಇಲ್ಲ. ಒಂದೇ ಮಾತು ಕೇಳಿದರು.

"ನಡೆದು ಬಂದ ಮೇಲೆ ಏನು ಮಾಡ್ತೀರಕ್ಕ?"

"ಏನ್ ಮಾಡ್ತೀನಿ, ಸೇತುವೆ ಹತ್ರ ಹೋಟ್ಲಲ್ಲಿ ಎಲ್ಲರೂ ಕೂತ್ಕೋತೀವಿ. ಒಂದು ಉದ್ದಿನ ವಡೆ, ಒಂದು ಟೀ. ಅಷ್ಟು ದೂರ ನಡೆದಿರ್ತೀವಲ್ಲ!"

"ಹಂಗಾದ್ರೆ ಬನ್ನಿ, ಲೆಕ್ಕ ಹಾಕೋಣ. ನಿಮಗೆ ಲೆಕ್ಕ ಹೊಸದಲ್ಲ" ಎಂದರು ನರ್ಸಮ್ಮ.

ದೇಹದ ಹಗೇವು

ಅಕ್ಕಿಯನ್ನು ಕಿಲೋದಲ್ಲಿ ತೂಗುತ್ತೇವೆ. ಬಟ್ಟೆಯನ್ನು ಮೀಟರಿನಲ್ಲಿ ಅಳೆಯುತ್ತೇವೆ. ಊಟದಲ್ಲಿ ಇರುವ ಶಕ್ತಿಗೂ ಒಂದು ಅಳತೆ ಇದೆ. ಅದರ ಹೆಸರು ಕ್ಯಾಲೊರಿ. ತಿಂದದ್ದು ಜಮಾ. ಉಸಿರಾಡಲು, ನಡೆಯಲು, ಕೆಲಸ ಮಾಡಲು ದೇಹ ಬಳಸಿದ್ದು ಖರ್ಚು.

ಜಮಾ ಹೆಚ್ಚಾಗಿ ಖರ್ಚು ಕಡಿಮೆಯಾದರೆ ಏನಾಗುತ್ತೆ? ಉಳಿದದ್ದನ್ನು ದೇಹ ಬಿಸಾಡುವುದಿಲ್ಲ. ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. ಹಿಂದೆ ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಡುತ್ತಿದ್ದರು. ಬರ ಬಂದಾಗ ಹಗೇವು ತೆಗೆಯುತ್ತಿದ್ದರು. ಕೊಬ್ಬೂ ದೇಹದ ಹಗೇವು. ಮನೆಗೆ ದಿನಾ ಹೊಸ ರಾಗಿ ಬರುತ್ತಿದ್ದರೆ ಹಗೇವಿನ ಬಾಯಿ ಯಾರು ತೆಗೆಯುತ್ತಾರೆ?

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ. ಈ ಸಂಖ್ಯೆಯನ್ನು ನೆನಪಿಡಿ. ಮುಂದೆ ಬೇಕಾಗುತ್ತೆ.

ವಡೆ ಎಷ್ಟು, ನಡಿಗೆ ಎಷ್ಟು?

ಅಕ್ಕ ದಿನಾ 40 ನಿಮಿಷ ನಡೆಯುತ್ತಾರೆ. ಸುಮಾರು ಮೂರು ಕಿಲೋಮೀಟರು. ಅವರ ತೂಕಕ್ಕೆ ಅದರಿಂದ ಆಗುವ ಖರ್ಚು ಸುಮಾರು 150 ಕ್ಯಾಲೊರಿ.

ಈಗ ಹೋಟೆಲಿನ ಲೆಕ್ಕ. ಎಣ್ಣೆಯಲ್ಲಿ ಕರಿದ ಒಂದು ಉದ್ದಿನ ವಡೆಯಲ್ಲಿ ಹೆಚ್ಚು ಕಡಿಮೆ 130 ಕ್ಯಾಲೊರಿ. ಹಾಲು, ಸಕ್ಕರೆ ಹಾಕಿದ ಒಂದು ಲೋಟ ಟೀಯಲ್ಲಿ 70. ಎರಡೂ ಸೇರಿ 200.

"ಅಯ್ಯೋ! 40 ನಿಮಿಷ ನಡೆದು ದುಡಿದದ್ದು ಐದು ನಿಮಿಷದಲ್ಲಿ ಹೋಯ್ತಾ? ಮೇಲೆ 50 ಸಾಲ ಬೇರೆ!" ಎಂದರು ಅಕ್ಕ.

ಹೌದು. ತಿನ್ನುವುದು ಸುಲಭ, ಬೇಗ ಆಗುತ್ತೆ. ಕರಗಿಸುವುದು ನಿಧಾನ. ವಡೆ ತಿನ್ನದೇ ಇದ್ದಿದ್ದರೂ ನೋಡಿ, ದಿನಕ್ಕೆ 150ರಂತೆ ತಿಂಗಳಿಗೆ 4,500 ಕ್ಯಾಲೊರಿ. ಒಂದು ಕಿಲೋ ಕೊಬ್ಬಿಗೆ 7,700 ಬೇಕು. ಅಂದರೆ ಬರೀ ನಡಿಗೆಯಿಂದ ತಿಂಗಳಿಗೆ ಇಳಿಯುವುದು ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು. ಅದೂ ಬೇರೇನೂ ಹೆಚ್ಚು ತಿನ್ನದಿದ್ದರೆ ಮಾತ್ರ. ಆದರೆ ನಡೆದವರಿಗೆ ಹಸಿವೂ ಆಗುತ್ತೆ. "ಇವತ್ತು ನಡೆದಿದ್ದೀನಿ" ಅಂತ ಮನಸ್ಸು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೆ. ಕೆಲವರು ನಡೆದು ಬಂದು ಸುಸ್ತು ಅಂತ ಉಳಿದ ಹೊತ್ತೆಲ್ಲ ಕೂತೇ ಇರುತ್ತಾರೆ.

ಬೆವರಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆವರು ಬಂದರೆ ಕೊಬ್ಬು ಕರಗಿತು ಅಂತ ಬಹಳ ಜನ ನಂಬುತ್ತಾರೆ. ಬೆವರು ಅಂದರೆ ನೀರು ಮತ್ತು ಉಪ್ಪು. ನೀರು ಕುಡಿದರೆ ತೂಕ ವಾಪಸ್ಸು ಬರುತ್ತೆ. ಹೊಟ್ಟೆಗೆ ಬೆಲ್ಟು ಕಟ್ಟಿದರೆ ಹೊಟ್ಟೆಯ ಕೊಬ್ಬು ಮಾತ್ರ ಕರಗುತ್ತೆ ಅನ್ನುವುದೂ ಸುಳ್ಳು. ಯಾವ ಜಾಗದ ಕೊಬ್ಬು ಮೊದಲು ಕರಗಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ.

ಗಿರಣಿ ಅಂಗಡಿಯವರ ಕಥೆ

"ನಾನು ಜಾಸ್ತಿ ಏನೂ ತಿನ್ನಲ್ಲ ನರ್ಸಮ್ಮ. ಮದುವೆಯಾಗಿ ಬಂದಾಗ ಎಷ್ಟು ತಿಂತಿದ್ದೆನೋ ಈಗಲೂ ಅಷ್ಟೇ" ಎಂದರು ಅಕ್ಕ.

ಗಂಟು ಇರುವುದು ಅಲ್ಲೇ. ಮದುವೆಯಾಗಿ ಬಂದಾಗ ಅಕ್ಕ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದರು. ಕಬ್ಬಿನ ಹೊರೆ ಹೊರುತ್ತಿದ್ದರು. ಬಾವಿಯಿಂದ ನೀರು ಸೇದುತ್ತಿದ್ದರು. ಒರಳಿನಲ್ಲಿ ರುಬ್ಬುತ್ತಿದ್ದರು. ಈಗ ನೀರು ನಲ್ಲಿಯಲ್ಲಿ ಬರುತ್ತೆ. ರುಬ್ಬುವುದಕ್ಕೆ ಮಿಕ್ಸಿ ಇದೆ. ಸಂತೆಗೆ ಹೋಗಲು ಮಗನ ಬೈಕಿದೆ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಕುರ್ಚಿ ಮೇಲೆ ವ್ಯಾಪಾರ. ನಮ್ಮ ದೇಶದ ವೈದ್ಯ ಸಂಶೋಧನಾ ಮಂಡಳಿ 2020ರಲ್ಲಿ ಒಂದು ಪಟ್ಟಿ ಕೊಟ್ಟಿದೆ. 55 ಕಿಲೋ ತೂಕದ ಹೆಂಗಸು ಕೂತು ಕೆಲಸ ಮಾಡಿದರೆ ದಿನಕ್ಕೆ 1,660 ಕ್ಯಾಲೊರಿ ಸಾಕು. ಅದೇ ಹೆಂಗಸು ಮೈ ಮುರಿದು ದುಡಿದರೆ 2,720 ಬೇಕು. ಎರಡಕ್ಕೂ ಸಾವಿರಕ್ಕಿಂತ ಹೆಚ್ಚು ವ್ಯತ್ಯಾಸ. ಕೆಲಸ ಬದಲಾಯಿತು. ತಟ್ಟೆಯ ಅಳತೆ ಬದಲಾಗಲಿಲ್ಲ.

ಕೆಲಸ ಕಡಿಮೆಯಾದರೆ ಹಸಿವೂ ತಾನಾಗಿ ಕಡಿಮೆಯಾಗಬೇಕಲ್ಲ ಅಂತ ನೀವು ಕೇಳಬಹುದು. ಇದನ್ನು ನಮ್ಮ ದೇಶದಲ್ಲೇ ಒಮ್ಮೆ ಪರೀಕ್ಷೆ ಮಾಡಿ ನೋಡಿದ್ದಾರೆ. ಪಶ್ಚಿಮ ಬಂಗಾಳದಲ್ಲಿ ಸೆಣಬಿನ ಗಿರಣಿಗಳಿವೆ. ಗೋಣಿಚೀಲ ಆಗುವುದು ಸೆಣಬಿನಿಂದಲೇ. ಅಂಥ ಒಂದು ಗಿರಣಿಯಲ್ಲಿ ಜೀನ್ ಮೇಯರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಇನ್ನೂರಕ್ಕೂ ಹೆಚ್ಚು ಗಂಡಸರ ಊಟ, ಕೆಲಸ, ತೂಕ ಮೂರನ್ನೂ ಲೆಕ್ಕ ಮಾಡಿದರು. 1956ರಲ್ಲಿ ಅದನ್ನು ಪ್ರಕಟಿಸಿದರು. ಹೊರೆ ಹೊರುವ ಕೂಲಿಗಳು ಹೆಚ್ಚು ತಿನ್ನುತ್ತಿದ್ದರು, ಆದರೆ ತೆಳ್ಳಗೇ ಇದ್ದರು. ಹಗುರ ಕೆಲಸದವರು ಕಡಿಮೆ ತಿನ್ನುತ್ತಿದ್ದರು, ಅವರೂ ತೆಳ್ಳಗಿದ್ದರು. ಆದರೆ ದಿನವೆಲ್ಲ ಕೂತೇ ಇರುವವರ ಲೆಕ್ಕ ಬೇರೆಯಾಗಿತ್ತು. ಅವರಲ್ಲಿ ಅಂಗಡಿ ಇಟ್ಟುಕೊಂಡಿದ್ದವರೂ ಇದ್ದರು. ಇವರು ಕೆಲಸ ಮಾಡದಿದ್ದರೂ ಹೊರೆ ಹೊರುವವರ ಹಾಗೆ ತಿನ್ನುತ್ತಿದ್ದರು. ತೂಕವೂ ಅವರಿಗೇ ಹೆಚ್ಚು.

"ಅಲ್ಲೂ ಅಂಗಡಿಯವರೇನಾ!" ಎಂದು ಅಕ್ಕ ನಕ್ಕುಬಿಟ್ಟರು.

ಅಂದರೆ ಇಡೀ ದಿನ ಕೂತವರ ಹಸಿವು ಸರಿಯಾದ ತಕ್ಕಡಿ ಅಲ್ಲ. ಅದು ತಪ್ಪು ತೂಕ ತೋರಿಸುತ್ತೆ.

ಊಟ ಬಿಟ್ಟ ದಿನ

ಅಕ್ಕ ಹಠದವರು. ಮನೆಗೆ ಹೋದವರೇ ಮಧ್ಯಾಹ್ನದ ಊಟವನ್ನೇ ಬಿಟ್ಟರು. "ತಟ್ಟೆನೇ ಕಾರಣ ಅಂದ್ರೆ ತಟ್ಟೆನೇ ಬೇಡ" ಅಂದರು. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ನುಂಗಿದ್ದರು.

ಮೂರನೇ ದಿನ ಮೂರು ಗಂಟೆ ಹೊತ್ತಿಗೆ ಕೈ ನಡುಗಿತು. ಮೈ ತಣ್ಣಗೆ ಬೆವೆತಿತು. ಕಣ್ಣು ಕತ್ತಲೆ ಬಂತು. ಸಾಮಾನು ತೂಗುತ್ತಿದ್ದ ಅಕ್ಕ ಅಲ್ಲೇ ಕುಸಿದು ಕೂತರು. ಪುಣ್ಯಕ್ಕೆ ನರ್ಸಮ್ಮ ಬಸ್ಸಿಗೆ ಕಾಯುತ್ತಿದ್ದರು. ಓಡಿ ಬಂದು ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ಅಕ್ಕ ಸುಧಾರಿಸಿಕೊಂಡರು. ಆಮೇಲೆ ಊಟ ಮಾಡಿಸಿದರು.

ಇದನ್ನು ಎಲ್ಲರೂ ತಿಳಿದಿರಬೇಕು. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ಸೂಜಿ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ಪ್ರಜ್ಞೆ ತಪ್ಪಬಹುದು. ಪ್ರಾಣಕ್ಕೂ ಅಪಾಯ. ಪ್ರಜ್ಞೆ ಇದ್ದರೆ ಮಾತ್ರ ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಾತ್ರೆ ತಗೊಳ್ಳುವವರು ಊಟ ಕಡಿಮೆ ಮಾಡುವ ಮುಂಚೆ ಡಾಕ್ಟರಿಗೆ ಹೇಳಬೇಕು. ಅವರು ಮಾತ್ರೆಯ ಅಳತೆಯನ್ನೂ ಬದಲಾಯಿಸಬೇಕಾಗುತ್ತೆ.

ಸಕ್ಕರೆ ಕಾಯಿಲೆ ಇಲ್ಲದವರಿಗೂ ಹೊತ್ತು ಹೊತ್ತಿನ ಊಟ ಬಿಡುವುದು ಬಹಳ ದಿನ ನಡೆಯುವುದಿಲ್ಲ. ನಾಲ್ಕು ದಿನ ಬಿಟ್ಟು ಐದನೇ ದಿನ ಎರಡರಷ್ಟು ತಿನ್ನುತ್ತೇವೆ. ಪಟ್ಟಣದಲ್ಲಿ ಮಾರುವ ತೂಕ ಇಳಿಸುವ ಪುಡಿಗಳ ಕಥೆಯೂ ಇಷ್ಟೇ. ಡಬ್ಬಿ ಮುಗಿದ ಮೇಲೆ ತೂಕ ಹಳೇ ಜಾಗಕ್ಕೆ ಬರುತ್ತೆ, ದುಡ್ಡು ಬರುವುದಿಲ್ಲ.

ಎಣ್ಣೆ, ಬೆಲ್ಲ, ಮುದ್ದೆ

ಹಾಗಾದರೆ ಏನು ಕಡಿಮೆ ಮಾಡಬೇಕು? ನರ್ಸಮ್ಮ ಅಕ್ಕನ ಅಂಗಡಿಯ ಸಾಮಾನುಗಳನ್ನೇ ತೋರಿಸಿ ಹೇಳಿದರು.

ಮೊದಲು ಎಣ್ಣೆ. ಒಂದು ಲೀಟರ್ ಅಡುಗೆ ಎಣ್ಣೆಯಲ್ಲಿ 8,000ಕ್ಕಿಂತ ಹೆಚ್ಚು ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಎಷ್ಟು ಅಂದೆವು? 7,700. ನೋಡಿ, ಒಂದು ಲೀಟರ್ ಎಣ್ಣೆ ಅಂದರೆ ಒಂದು ಕಿಲೋ ಕೊಬ್ಬು. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಎಲ್ಲಕ್ಕೂ ಇದೇ ಲೆಕ್ಕ. ಅಕ್ಕನ ಮನೆಯಲ್ಲಿ ನಾಲ್ಕು ಜನ. ತಿಂಗಳಿಗೆ ಐದು ಲೀಟರ್ ಎಣ್ಣೆ. ಇದನ್ನು ಮೂರು ಲೀಟರ್ ಮಾಡಿದರೆ ಒಬ್ಬೊಬ್ಬರಿಗೂ ದಿನಕ್ಕೆ ಸುಮಾರು 135 ಕ್ಯಾಲೊರಿ ಕಡಿಮೆ. 40 ನಿಮಿಷದ ನಡಿಗೆಗೆ ಹತ್ತಿರ ಹತ್ತಿರ ಸಮ! ಒಗ್ಗರಣೆಗೆ ಟಿನ್ನಿನಿಂದ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕಿದರೆ ಸಾಕು. ವಾರದಲ್ಲಿ ಮೂರು ದಿನ ಕರಿಯುವುದನ್ನು ತಿಂಗಳಿಗೆ ಎರಡು ದಿನ ಮಾಡಿದರೆ ಸಾಕು.

ಆಮೇಲೆ ಬೆಲ್ಲ. "ಸಕ್ಕರೆ ಬಿಟ್ಟು ವರ್ಷ ಆಯ್ತು. ಮನೇಲಿ ಬೆಲ್ಲದ ಟೀನೇ ಕುಡಿಯೋದು" ಎಂದು ಅಕ್ಕ ಹೆಮ್ಮೆಯಿಂದ ಹೇಳಿದರು. ನರ್ಸಮ್ಮ ಹಣೆ ಚಚ್ಚಿಕೊಂಡರು. ಮಂಡ್ಯದವರಿಗೆ ಬೆಲ್ಲದ ಮೇಲೆ ಮಾತಾಡಿದರೆ ಕೋಪ ಬರುತ್ತೆ. ಆದರೂ ಹೇಳಲೇಬೇಕು. ಆಲೆಮನೆಯ ಬೆಲ್ಲವೂ ಕಬ್ಬಿನ ಹಾಲೇ, ಸಕ್ಕರೆಯೂ ಕಬ್ಬಿನ ಹಾಲೇ. 100 ಗ್ರಾಂನಲ್ಲಿ ಎರಡಕ್ಕೂ 400ರ ಆಸುಪಾಸು ಕ್ಯಾಲೊರಿ. ರಕ್ತದ ಸಕ್ಕರೆಯನ್ನು ಎರಡೂ ಏರಿಸುತ್ತವೆ. ಜೇನುತುಪ್ಪವೂ ಹಾಗೇ. ಬಿಸಿನೀರಿಗೆ ಜೇನು ಹಾಕಿ ಕುಡಿದರೆ ಕೊಬ್ಬು ಕರಗುವುದಿಲ್ಲ.

ಮುದ್ದೆಯ ವಿಷಯ. "ಅನ್ನ ತಿಂದರೆ ಮೈ ಬರುತ್ತೆ, ಮುದ್ದೆ ತಿಂದರೆ ಇಳಿಯುತ್ತೆ" ಅನ್ನುತ್ತಾರೆ. ಇದು ಅರ್ಧ ನಿಜ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 320ರ ಆಸುಪಾಸು, 100 ಗ್ರಾಂ ಅಕ್ಕಿಯಲ್ಲಿ 350ರ ಆಸುಪಾಸು. ಬಹಳ ವ್ಯತ್ಯಾಸವಿಲ್ಲ. ಆದರೆ ರಾಗಿಯಲ್ಲಿ ನಾರು ಹೆಚ್ಚು, ಮೂಳೆಗೆ ಬೇಕಾದ ಸುಣ್ಣದ ಅಂಶವೂ ಹೆಚ್ಚು. ಹೊಟ್ಟೆ ಬೇಗ ತುಂಬಿದ ಹಾಗಾಗುತ್ತೆ. ಒಂದು ಮುದ್ದೆ ಜೊತೆಗೆ ಸೊಪ್ಪು, ಕಾಳು ಹೆಚ್ಚಾಗಿರುವ ಬಸ್ಸಾರು ಇದ್ದರೆ ಒಳ್ಳೆಯ ಊಟ. ಎರಡು ಮುದ್ದೆ ತಿಂದು, ಮೇಲೆ ಒಂದು ತಟ್ಟೆ ಅನ್ನ ಹಾಕಿಸಿಕೊಂಡರೆ ರಾಗಿ ಪಾಪ ಏನು ಮಾಡುತ್ತೆ?

ಕಾಳು, ಮೊಟ್ಟೆ, ಮಜ್ಜಿಗೆ, ಮೊಸರನ್ನು ಕಡಿಮೆ ಮಾಡಬೇಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮೈಯಲ್ಲಿರುವ ಮಾಂಸಖಂಡವೂ ಸ್ವಲ್ಪ ಕರಗುತ್ತೆ. ಅದು ಕರಗಿದರೆ ಬಲ ಹೋಗುತ್ತೆ. ಹುರುಳಿ, ಅವರೆ, ಅಲಸಂದೆ ಇಂಥವು ಅದನ್ನು ಕಾಪಾಡಲು ಬೇಕು.

ಇದನ್ನೆಲ್ಲ ಅಕ್ಕನ ಯಜಮಾನರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನಂದೂ ಹೊಟ್ಟೆ ಬಂದದೆ. ನಾನು ಎಣ್ಣೆ ಪದಾರ್ಥ ಮುಟ್ಟೋದೇ ಇಲ್ಲ" ಎಂದರು. ಅವರು ಸಂಜೆ ಮುಟ್ಟುವುದು ಬೇರೆ 'ಎಣ್ಣೆ'. ಒಂದು ಕ್ವಾರ್ಟರ್ ಬಾಟಲಿಯಲ್ಲಿ 400ಕ್ಕೂ ಹೆಚ್ಚು ಕ್ಯಾಲೊರಿ ಇರುತ್ತೆ. ಜೊತೆಗೆ ನಂಚಿಕೊಳ್ಳಲು ಖಾರದ ಕಡಲೆಬೀಜ. ಒಂದೂವರೆ ಗಂಟೆಗೂ ಮೀರಿದ ನಡಿಗೆ ಅಲ್ಲಿಗೆ ಹೋಯಿತು. ಈ ಲೆಕ್ಕ ಕೇಳಿ ಅವರು ಒಳಗೆ ಹೋದರು.

ಹಾಗಾದರೆ ನಡಿಗೆ ಬೇಡವಾ?

"ಊಟ ಕಡಿಮೆ ಮಾಡಿದರೆ ಸಾಕಲ್ಲ, ನಡಿಗೆ ಯಾಕೆ?" ಎಂದು ಅಕ್ಕ ಕೇಳಿದರು. ಅವರಿಗೆ ನಡಿಗೆ ಬಿಡುವ ಆಸೆ ಇನ್ನೂ ಹೋಗಿರಲಿಲ್ಲ.

ಬೇಕು. ಖಂಡಿತ ಬೇಕು. ತೂಕ ಇಳಿಸುವುದರಲ್ಲಿ ನಡಿಗೆಯ ಪಾಲು ಚಿಕ್ಕದು. ಆದರೆ ಕಾಯಿಲೆ ತಡೆಯುವುದರಲ್ಲಿ ಅದರ ಪಾಲು ದೊಡ್ಡದು.

ನಡೆಯುವಾಗ ಕಾಲಿನ ಮಾಂಸಖಂಡಗಳು ರಕ್ತದಿಂದ ಸಕ್ಕರೆಯನ್ನು ಎಳೆದುಕೊಂಡು ಬಳಸುತ್ತವೆ. ಊಟ ಆದ ಮೇಲೆ ಹತ್ತು ಹದಿನೈದು ನಿಮಿಷ ಓಡಾಡಿದರೂ ಏರಬೇಕಾದ ಸಕ್ಕರೆ ಅಷ್ಟು ಏರುವುದಿಲ್ಲ. ಬಿ.ಪಿ. ಇಳಿಯುತ್ತೆ. ಚರ್ಮದ ಕೆಳಗಿನ ಕೊಬ್ಬಿಗಿಂತ ಹೊಟ್ಟೆಯ ಒಳಗೆ, ಕರುಳು ಮತ್ತು ಲಿವರ್ ಸುತ್ತ ಕೂರುವ ಕೊಬ್ಬು ಕೆಟ್ಟದ್ದು. ತೂಕದ ಮುಳ್ಳು ಅಲ್ಲಾಡದಿದ್ದರೂ ನಡಿಗೆ ಆ ಕೊಬ್ಬನ್ನು ಒಳಗೊಳಗೇ ಕಡಿಮೆ ಮಾಡುತ್ತೆ. ಅಕ್ಕನ ಮೂರು ತಿಂಗಳ ನಡಿಗೆ ಸುಳ್ಳಾಗಿರಲಿಲ್ಲ. ನರ್ಸಮ್ಮ ಹಳೇ ಚೀಟಿ ತೆಗೆದು ತೋರಿಸಿದರು. ತೂಕ ಹಾಗೇ ಇದ್ದರೂ ಬಿ.ಪಿ. ಇಳಿದಿತ್ತು.

ಇದಕ್ಕೆ ಒಂದು ಹಳೆಯ ಸಾಕ್ಷಿ ಇದೆ. ಲಂಡನ್ ನಗರದಲ್ಲಿ ಎರಡು ಅಂತಸ್ತಿನ ಬಸ್ಸುಗಳು. ಡ್ರೈವರ್ ದಿನವಿಡೀ ಕೂತಿರುತ್ತಿದ್ದ. ಕಂಡಕ್ಟರ್ ಟಿಕೆಟ್ ಕೊಡಲು ದಿನಕ್ಕೆ ನೂರಾರು ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಜೆರ್ರಿ ಮಾರಿಸ್ ಎಂಬ ಡಾಕ್ಟರು ಮತ್ತು ಅವರ ಜೊತೆಗಾರರು ಇಬ್ಬರ ಕಾಯಿಲೆಗಳ ಲೆಕ್ಕ ಇಟ್ಟು 1953ರಲ್ಲಿ ಪ್ರಕಟಿಸಿದರು. ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು, ಡ್ರೈವರುಗಳಲ್ಲಿ ಹೆಚ್ಚು ಇತ್ತು. ಬಸ್ಸು ಒಂದೇ, ಓಡಾಟ ಬೇರೆ.

ಇನ್ನೊಂದು ಮಾತು. ಇಳಿದ ತೂಕ ಮತ್ತೆ ಏರುವುದು ಬಹಳ ಸಾಮಾನ್ಯ. ದೇಹ ಹಗುರವಾದ ಮೇಲೆ ಅದರ ಖರ್ಚೂ ಇಳಿಯುತ್ತೆ. ಆಗ ಇಳಿದದ್ದನ್ನು ಉಳಿಸಿಕೊಳ್ಳಲು ನಡಿಗೆ ಬೇಕೇ ಬೇಕು. ವಾರಕ್ಕೆ ಒಟ್ಟು 150 ನಿಮಿಷವಾದರೂ ಚುರುಕಾಗಿ ನಡೆಯಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಮಾತಾಡಬಹುದು, ಹಾಡು ಹೇಳಲು ಆಗಬಾರದು, ಅಷ್ಟು ಚುರುಕು.

ಸೊಂಟದ ಅಳತೆಯನ್ನೂ ತಿಂಗಳಿಗೊಮ್ಮೆ ನೋಡಿ. ಟೈಲರ್ ಟೇಪು ಸಾಕು. ಪಕ್ಕೆಲುಬು ಮುಗಿಯುವ ಜಾಗಕ್ಕೂ ಸೊಂಟದ ಮೂಳೆಗೂ ನಡುವೆ ಸುತ್ತಿ. ಉಸಿರು ಬಿಗಿ ಹಿಡಿಯಬೇಡಿ, ಅದು ನಮಗೆ ನಾವೇ ಮೋಸ. ನಮ್ಮ ದೇಶದ ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ನಮ್ಮವರಿಗೆ ಕೈಕಾಲು ತೆಳ್ಳಗಿದ್ದರೂ ಹೊಟ್ಟೆ ಮಾತ್ರ ಬರುತ್ತೆ. ದೇಶದಲ್ಲಿ 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ಹೇಳಿತು. ಅದಕ್ಕೆ ಈ ಹೊಟ್ಟೆಯೂ ಒಂದು ಕಾರಣ.

ಆರು ತಿಂಗಳ ಮೇಲೆ

ಡಾಕ್ಟರು ಅಕ್ಕನ ಮಾತ್ರೆ ಬದಲಾಯಿಸಿದರು. ಅಕ್ಕ ಮೂರು ಹೊತ್ತೂ ಊಟ ಮಾಡಿದರು. ಎಣ್ಣೆ ಅಳೆದು ಹಾಕಿದರು. ಟೀಯಲ್ಲಿ ಬೆಲ್ಲ ಬಿಟ್ಟರು. ಮೊದಲ ಹದಿನೈದು ದಿನ ಟೀ ಕಷಾಯದ ಹಾಗಿತ್ತಂತೆ. ರಾತ್ರಿ ಒಂದು ಸೌಟು ಅನ್ನ ಕಡಿಮೆ ಮಾಡಿ ಸೊಪ್ಪಿನ ಪಲ್ಯ ಹೆಚ್ಚು ಹಾಕಿಕೊಂಡರು. ಹೋಟೆಲಿನ ವಡೆ ಭಾನುವಾರಕ್ಕೆ ಮಾತ್ರ ಉಳಿಯಿತು. ನಡಿಗೆ ನಿಲ್ಲಿಸಲಿಲ್ಲ. ಆರು ತಿಂಗಳಲ್ಲಿ ತೂಕ 66 ಕಿಲೋ ಆಯಿತು. ಸೊಂಟ 96ರಿಂದ 89ಕ್ಕೆ ಇಳಿಯಿತು. ಇನ್ನೂ ಇಳಿಯಬೇಕು. ಸಕ್ಕರೆ ಹತೋಟಿಗೆ ಬಂದಿದೆ.

ಆ ದಿನ ಉಪಕೇಂದ್ರದಲ್ಲಿ ಕಬ್ಬು ಕಡಿಯುವ ಹೆಂಗಸೊಬ್ಬಳು ಮಗುವಿನ ಚುಚ್ಚುಮದ್ದಿಗೆ ಬಂದಿದ್ದಳು. ಅಕ್ಕನ ಮಾತನ್ನೆಲ್ಲ ಕೇಳಿಸಿಕೊಂಡಳು.

"ನಾನೂ ನಾಳೆಯಿಂದ ರಾತ್ರಿ ಉಣ್ಣಾಕಿಲ್ಲ ಬುಡಿ" ಎಂದಳು.

"ಹತ್ತು ಇದರ ಮೇಲೆ" ಎಂದರು ನರ್ಸಮ್ಮ. ಮುಳ್ಳು 41ರಲ್ಲಿ ನಿಂತಿತು.

"ಈ ಲೆಕ್ಕ ನಿಂದಲ್ಲ ಕಣವ್ವ. ನೀನು ಎದೆಹಾಲು ಕೊಡೋಳು, ಬಿಸಿಲಲ್ಲಿ ದುಡಿಯೋಳು. ನೀನು ಒಂದು ತುತ್ತೂ ಕಡಿಮೆ ಮಾಡಕೂಡದು. ಗರ್ಭಿಣಿಯರು, ಬೆಳೆಯೋ ಮಕ್ಕಳು, ತೂಕ ಕಮ್ಮಿ ಇರೋರು ಯಾರೂ ಊಟ ಬಿಡಬಾರದು. ನಿನಗೆ ಕಾಳು, ಮೊಟ್ಟೆ ಇನ್ನೂ ಹೆಚ್ಚು ಬೇಕು" ಎಂದರು.

ಆಮೇಲೆ ಅವಳ ಕಣ್ಣಿನ ಕೆಳರೆಪ್ಪೆ ಸರಿಸಿ ನೋಡಿದರು. ಬಿಳಿಚಿಕೊಂಡಿತ್ತು. ಕಬ್ಬಿಣದ ಮಾತ್ರೆಯ ಚೀಟಿ ಬರೆಯುತ್ತಾ, "ಗುರುವಾರ ರಕ್ತ ಪರೀಕ್ಷೆಗೆ ಬಾ, ತಪ್ಪಿಸಬೇಡ" ಎಂದರು.